ಲ್ಯಾಪ್‌ಟಾಪ್ ಸ್ಲೋ ಆಗಿದೆಯೇ? ಪ್ರೊಸೆಸರ್, ರ‍್ಯಾಮ್ ಬದಲಿಸಲು ಹಣ ಕೊಡುವ ಮುನ್ನ ಇದನ್ನು ತಿಳಿದುಕೊಳ್ಳಿ

ಆನ್ ಮಾಡಿದ ಲ್ಯಾಪ್‌ಟಾಪ್ ಕೆಲಸಕ್ಕೆ ಸಿದ್ಧವಾಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು ಎನ್ನುವುದು ಹಲವು ಮನೆಗಳ ದೂರು. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದು, ಜತೆಗೆ ಆಫೀಸಿನ ವಿಡಿಯೊ ಮೀಟಿಂಗ್ ಶುರುವಾದರೆ ಯಂತ್ರ ಅಲ್ಲಿಗೇ ಸ್ತಬ್ಧ. ಹೊಸದನ್ನು ಕೊಳ್ಳಲು ಹತ್ತಾರು ಸಾವಿರ ರೂಪಾಯಿ ಬೇಕು. ಹಾಗಾಗಿ ‘ಇದಕ್ಕೇ ಒಳ್ಳೆಯ ಪ್ರೊಸೆಸರ್, ಇನ್ನಷ್ಟು ರ‍್ಯಾಮ್ ಹಾಕಿಸಿದರೆ ಸಾಲದೇ?’ ಎಂಬ ಪ್ರಶ್ನೆ ಸಹಜವಾಗಿಯೇ ಮೂಡುತ್ತದೆ.

ಚಿಕ್ಕ ಉತ್ತರ ಹೀಗಿದೆ: ರ‍್ಯಾಮ್ ಅನ್ನು ಹಲವು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿಸಬಹುದು. ಪ್ರೊಸೆಸರ್ ಅನ್ನು ಮಾತ್ರ 2015ರ ನಂತರ ಬಂದ ಬಹುತೇಕ ಯಾವ ಲ್ಯಾಪ್‌ಟಾಪ್‌ನಲ್ಲೂ ಬದಲಿಸಲಾಗದು. ಎಷ್ಟೋ ಸಲ ನಿಧಾನಕ್ಕೆ ಕಾರಣ ಇವೆರಡೂ ಆಗಿರುವುದಿಲ್ಲ. ಕಾರಣ ತಿಳಿಯದೆ ಬಿಡಿಭಾಗ ಕೊಂಡರೆ ಹಣ ಖರ್ಚಾಗುತ್ತದೆ, ವೇಗ ಬರುವುದಿಲ್ಲ.

ಪ್ರೊಸೆಸರ್ ಬದಲಿಸಲು ಏಕೆ ಆಗುವುದಿಲ್ಲ?

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಒಂದು ಸಾಕೆಟ್‌ನಲ್ಲಿ ಕುಳಿತಿರುತ್ತದೆ. ಕೊಂಡಿ ಎತ್ತಿ ತೆಗೆದು, ಹೊಂದುವ ಇನ್ನೊಂದನ್ನು ಕೂರಿಸಬಹುದು. ಲ್ಯಾಪ್‌ಟಾಪ್‌ಗಳಲ್ಲೂ ಒಂದು ಕಾಲಕ್ಕೆ ಇದೇ ವ್ಯವಸ್ಥೆ ಇತ್ತು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳವರೆಗೆ ಸಾಕೆಟ್ ಇರುವ ಮಾದರಿಗಳು ಬರುತ್ತಿದ್ದವು. ಐದನೇ ತಲೆಮಾರಿನಿಂದ ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳನ್ನು ನೇರವಾಗಿ ಮದರ್‌ಬೋರ್ಡ್‌ಗೆ ಬೆಸುಗೆ ಹಾಕುವ ರೂಪದಲ್ಲೇ ತಯಾರಿಸುತ್ತಿದೆ. ಎಎಂಡಿ ಕೂಡ ಇದೇ ದಾರಿ ಹಿಡಿದಿದೆ. ಸಾಕೆಟ್ ತೆಗೆದರೆ ಲ್ಯಾಪ್‌ಟಾಪ್ ಇನ್ನಷ್ಟು ತೆಳ್ಳಗಾಗುತ್ತದೆ ಎಂಬುದು ಇದರ ಹಿಂದಿನ ಮುಖ್ಯ ಲೆಕ್ಕಾಚಾರ.

ಚಿಪ್ಪಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಬೆಸುಗೆ ಬಿಂದುಗಳಿರುತ್ತವೆ. ವಿಶೇಷ ಯಂತ್ರವಿಲ್ಲದೆ ಅದನ್ನು ಕಿತ್ತು ಇನ್ನೊಂದನ್ನು ಕೂರಿಸುವುದು ಅಸಾಧ್ಯ. ಯಂತ್ರವಿದ್ದರೂ ಹೊಸ ಚಿಪ್ ಅನ್ನು ಬಯೋಸ್ ಗುರುತಿಸುತ್ತದೆ ಎಂಬ ಖಾತ್ರಿಯಿಲ್ಲ. ಡೆಸ್ಕ್‌ಟಾಪ್ ಪ್ರೊಸೆಸರನ್ನೇ ಅಳವಡಿಸಿದ ಕೆಲವು ಭಾರಿ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಮಾತ್ರ ಇದಕ್ಕೆ ಅಪವಾದ.

ಹಾಗಿದ್ದರೆ ಕೆಲವು ಅಂಗಡಿಗಳಲ್ಲಿ ‘ಐ3 ಇದ್ದದ್ದನ್ನು ಐ7 ಮಾಡಿಕೊಡುತ್ತೇವೆ’ ಎನ್ನುವುದು ಹೇಗೆ? ಅಲ್ಲಿ ಬದಲಾಗುವುದು ಪ್ರೊಸೆಸರ್ ಅಲ್ಲ, ಇಡೀ ಮದರ್‌ಬೋರ್ಡ್. ಅದೇ ಮಾದರಿಯ ಬೇರೆ ಲ್ಯಾಪ್‌ಟಾಪ್‌ನಿಂದ ತೆಗೆದ ಬೋರ್ಡ್ ಹಾಕುತ್ತಾರೆ. ಇದು ಮೋಸವಲ್ಲ, ಆದರೆ ದುಬಾರಿ. ಬೋರ್ಡ್ ಬಳಸಿದ್ದೋ ಹೊಸದೋ, ವಾರಂಟಿ ಎಷ್ಟು ದಿನ ಎಂಬುದನ್ನು ಬಿಲ್‌ನಲ್ಲಿ ಬರೆಸಿಕೊಳ್ಳಬೇಕು. ಇನ್ನೊಂದು ಅಪಾಯವೂ ಇದೆ. ಡ್ರೈವ್‌ಗೆ ಬಿಟ್‌ಲಾಕರ್ ಎನ್‌ಕ್ರಿಪ್ಶನ್ ಇದ್ದರೆ, ಬೋರ್ಡ್ ಬದಲಾದ ಕೂಡಲೇ ರಿಕವರಿ ಕೀ ಕೇಳುತ್ತದೆ. ಅದು ಕೈಯಲ್ಲಿ ಇಲ್ಲದಿದ್ದರೆ ಫೋಟೊ, ದಾಖಲೆಗಳೆಲ್ಲ ಕಳೆದುಹೋದಂತೆಯೇ.

ಹತ್ತು ವರ್ಷಕ್ಕಿಂತ ಹಳೆಯದಾಗಿದ್ದರೆ?

ನಾಲ್ಕನೇ ತಲೆಮಾರಿನ ಇಂಟೆಲ್ ಚಿಪ್‌ಗಳಲ್ಲಿ ಹೆಸರಿನ ಕೊನೆಯ ಅಕ್ಷರವೇ ಸುಳಿವು. ಐ5-4200ಎಂ ಸಾಕೆಟ್‌ನಲ್ಲಿ ಕೂರುವಂಥದ್ದು, ಐ5-4200ಯು ಬೆಸುಗೆ ಹಾಕಿದ್ದು. ಹಾಗೆಯೇ ‘ಎಂಕ್ಯೂ’ ಇದ್ದರೆ ಸಾಕೆಟ್, ‘ಎಚ್‌ಕ್ಯೂ’ ಇದ್ದರೆ ಬೆಸುಗೆ. ಸಾಕೆಟ್ ಇದ್ದರೂ ಅದೇ ಸಾಕೆಟ್‌ನ, ಬಯೋಸ್ ಒಪ್ಪುವ ಚಿಪ್ ಮಾತ್ರ ಹೊಂದುತ್ತದೆ. ಶಾಖದ ಲೆಕ್ಕವನ್ನೂ ನೋಡಬೇಕು. 37 ವಾಟ್‌ನ ಚಿಪ್‌ಗೆಂದು ಮಾಡಿದ ಫ್ಯಾನ್, 47 ವಾಟ್‌ನ ಕ್ವಾಡ್ ಕೋರ್ ಚಿಪ್‌ನ ಶಾಖವನ್ನು ಹೊರಹಾಕಲಾರದೆ ಸೋಲಬಹುದು. ಆಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೊಟ್ಟ ಹಣಕ್ಕೆ ಸಿಗಬೇಕಾದ ಲಾಭ ಅಲ್ಲೇ ಕರಗುತ್ತದೆ.

ಮೊದಲು ಕಾರಣ ಪತ್ತೆ ಮಾಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ, ದಿನನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟು ಗಮನಿಸಿ.

* ಮೆಮೊರಿ ಸದಾ ಶೇ. 85ಕ್ಕಿಂತ ಮೇಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ.
* ಮೆಮೊರಿ ಖಾಲಿ ಇದ್ದೂ ಡಿಸ್ಕ್ ಪದೇ ಪದೇ ಶೇ. 100 ಮುಟ್ಟುತ್ತಿದ್ದರೆ ತೊಂದರೆ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ.
* ಸಿಪಿಯು ಶೇ. 100ರಲ್ಲೇ ನಿಂತಿದ್ದರೆ ಯಾವ ಆ್ಯಪ್ ಅಷ್ಟು ಬಳಸುತ್ತಿದೆ ನೋಡಿ. ಬೇಡದ ಆ್ಯಪ್ ಆಗಿದ್ದರೆ ತೆಗೆದುಹಾಕಿದರೆ ಸಾಕು.
* ಸಿಪಿಯು ವೇಗವೇ ಕುಸಿದು, ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೆ ಒಳಗೆ ಧೂಳು ತುಂಬಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು. ಸ್ವಚ್ಛಗೊಳಿಸಿ ಹೊಸ ಪೇಸ್ಟ್ ಹಾಕಿಸುವುದು ಕಡಿಮೆ ಖರ್ಚಿನ ಕೆಲಸ.

ರ‍್ಯಾಮ್ ಹಾಕಲು ಜಾಗ ಇದೆಯೇ?

ಲ್ಯಾಪ್‌ಟಾಪ್ ಬಿಚ್ಚದೆಯೇ ಇದನ್ನು ತಿಳಿಯಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲಿದೆ. ಎರಡರಲ್ಲಿ ಒಂದು ಬಳಕೆಯಾಗಿದೆ ಎಂದಿದ್ದರೆ ಸಾಮಾನ್ಯವಾಗಿ ಇನ್ನೊಂದು ಖಾಲಿ ಇರುತ್ತದೆ. ಅದರ ಕೆಳಗಿನ ‘ಫಾರ್ಮ್ ಫ್ಯಾಕ್ಟರ್’ನಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ತೆಗೆದು ಹಾಕಬಹುದಾದ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡ್‌ಗೇ ಬೆಸುಗೆ ಹಾಕಿದ್ದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟ್ ಎಂಬ ಬೆರಕೆ ವ್ಯವಸ್ಥೆಯೂ ಇರುತ್ತದೆ. ಹೀಗಾಗಿ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಮಾಹಿತಿ ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಎಲ್‌ಪಿಡಿಡಿಆರ್ ಎಂಬ ಹೆಸರಿನ ಮೆಮೊರಿ ಬಹುತೇಕ ಬೆಸುಗೆ ಹಾಕಿದ್ದೇ ಆಗಿರುತ್ತದೆ. ಆ್ಯಪಲ್ 2020ರಲ್ಲಿ ತಂದ ಎಂ1 ಚಿಪ್‌ನಿಂದೀಚೆಗೆ ಮ್ಯಾಕ್‌ಬುಕ್‌ಗಳಲ್ಲಿ ಮೆಮೊರಿ ಚಿಪ್ಪಿನ ಪ್ಯಾಕೇಜಿನೊಳಗೇ ಸೇರಿದೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲೂ ಹೀಗೆಯೇ. ಇಂಥ ಲ್ಯಾಪ್‌ಟಾಪ್ ಕೊಳ್ಳುವ ದಿನವೇ ಎಷ್ಟು ಜಿಬಿ ಬೇಕೆಂದು ನಿರ್ಧರಿಸಬೇಕು, ಆಮೇಲೆ ಅವಕಾಶವಿಲ್ಲ.

ಎಲ್ಲ ರ‍್ಯಾಮ್ ಎಲ್ಲದಕ್ಕೂ ಹೊಂದದು

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪ್ ರ‍್ಯಾಮ್‌ಗಳಲ್ಲಿ ಇವುಗಳ ಪಿನ್‌ಗಳ ಸಂಖ್ಯೆ ಕ್ರಮವಾಗಿ 204, 260 ಮತ್ತು 262. ಡಿಡಿಆರ್3ರಲ್ಲಿಯೇ 1.5 ವೋಲ್ಟ್‌ನದು ಒಂದು, 1.35 ವೋಲ್ಟ್‌ನ ಡಿಡಿಆರ್3ಎಲ್ ಇನ್ನೊಂದು. ಡಿಡಿಆರ್3ಎಲ್ ಬೇಡುವ ಲ್ಯಾಪ್‌ಟಾಪ್‌ಗೆ 1.5 ವೋಲ್ಟ್‌ನದನ್ನು ಹಾಕಿದರೆ ಅದು ಆನ್ ಆಗದೇ ಇರಬಹುದು.

ವೇಗ ಬೇರೆ ಬೇರೆಯಿರುವ ಎರಡು ರ‍್ಯಾಮ್ ಹಾಕಿದರೆ ಎರಡೂ ಕಡಿಮೆ ವೇಗದಲ್ಲೇ ಓಡುತ್ತವೆ. ಒಂದೇ 16 ಜಿಬಿಗಿಂತ ಎರಡು 8 ಜಿಬಿ ಉತ್ತಮ. ಡ್ಯುಯಲ್ ಚಾನೆಲ್‌ನಿಂದಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಿಗೆ ಇದರಿಂದ ಹೆಚ್ಚು ಲಾಭ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಪ್ರಯೋಜನವಿಲ್ಲ.

2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿದೆ. ಹಾಗಾಗಿ ‘ಇರಲಿ’ ಎಂದು 32 ಜಿಬಿ ಕೊಳ್ಳುವುದು ಜಾಣತನವಲ್ಲ. ಬ್ರೌಸರ್, ಆಫೀಸ್ ಕೆಲಸ, ಮಕ್ಕಳ ಆನ್‌ಲೈನ್ ತರಗತಿಗೆ 8 ಜಿಬಿ ನಡೆಯುತ್ತದೆ, 16 ಜಿಬಿ ಧಾರಾಳ.

ಹಾರ್ಡ್ ಡಿಸ್ಕ್ ಇದ್ದರೆ ಮೊದಲ ಖರ್ಚು ಅದಕ್ಕೇ

ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಪ್ರೊಸೆಸರ್ ಮತ್ತು ರ‍್ಯಾಮ್ ಎರಡನ್ನೂ ಮರೆತು ಮೊದಲು ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಧಾರಣ ಸಾಟಾ ಎಸ್‌ಎಸ್‌ಡಿ 500 ಎಂಬಿ ಓದುತ್ತದೆ. ಸಣ್ಣ ಸಣ್ಣ ಫೈಲ್‌ಗಳನ್ನು ಹುಡುಕುವಾಗ ಈ ಅಂತರ ಇನ್ನೂ ದೊಡ್ಡದು. ಕಾಫಿ ಮುಗಿಯುವಷ್ಟು ಹೊತ್ತು ಹಿಡಿಯುತ್ತಿದ್ದ ಲ್ಯಾಪ್‌ಟಾಪ್ ಅರ್ಧ ನಿಮಿಷದೊಳಗೆ ಸಿದ್ಧವಾಗುವುದು ಸಾಮಾನ್ಯವಾಗಿ ಇದರಿಂದಲೇ.

ವಿಂಡೋಸ್ 11ರ ಗೋಡೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಬೇಕು. ಪ್ರೊಸೆಸರ್ ಬದಲಿಸಲಾಗದ ಕಾರಣ, ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗೆ ಎಷ್ಟೇ ರ‍್ಯಾಮ್ ಹಾಕಿದರೂ ಈ ಗೋಡೆ ದಾಟಲಾಗದು. ಅಂಥ ಯಂತ್ರಕ್ಕೆ ಹೆಚ್ಚು ಖರ್ಚು ಮಾಡುವ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿ ಬಳಸಬಹುದು. ಇವು ಉಚಿತ, ಕನ್ನಡ ಟೈಪಿಂಗ್‌ಗೂ ಅವಕಾಶವಿದೆ.

ಅಂಗಡಿಗೆ ಹೋಗುವ ಮುನ್ನ

ದಿಲ್ಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ, ಎಲ್ಲೇ ಹೋಗಲಿ ಮೂರು ವಿಷಯ ಬರೆದುಕೊಂಡು ಹೋಗಿ: ಲ್ಯಾಪ್‌ಟಾಪ್‌ನ ಪೂರ್ಣ ಮಾದರಿ ಸಂಖ್ಯೆ, ಈಗಿರುವ ರ‍್ಯಾಮ್‌ನ ಬಗೆ ಮತ್ತು ವೇಗ, ಅದು ಒಪ್ಪುವ ಗರಿಷ್ಠ ಜಿಬಿ. ಮುಖ್ಯ ಫೈಲ್‌ಗಳ ಬ್ಯಾಕಪ್ ಮಾಡಿ. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಹೊರಗೆ ಬಿಚ್ಚಿಸುವ ಮೊದಲು ಕಂಪನಿಯ ಸೇವಾ ಕೇಂದ್ರವನ್ನು ಕೇಳಿ.

ಕೆಲಸ ಮುಗಿದ ಮೇಲೆ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಆನ್ ಮಾಡಿಸಿ, ಪೂರ್ತಿ ರ‍್ಯಾಮ್ ಕಾಣುತ್ತಿದೆಯೇ ನೋಡಿ. ಡಿಡಿಆರ್5 ಹಾಕಿದಾಗ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಗಾಬರಿ ಬೇಡ. ಮನೆಗೆ ಬಂದ ಮೇಲೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಒಮ್ಮೆ ನಡೆಸಿ. ದೋಷವಿದ್ದರೆ ಬಿಲ್ ಸಮೇತ ಕೂಡಲೇ ಹಿಂದಿರುಗಿಸಬಹುದು.