ರೇಡಿಯೋದಲ್ಲಿ ಬಂದ ಸಾಫ್ಟ್‌ವೇರ್



ಇಂದು ದುಬೈಯಲ್ಲಾಗಲಿ ಅಬುಧಾಬಿಯಲ್ಲಾಗಲಿ ಹೊಸ ತಂತ್ರಾಂಶ ಬೇಕೆಂದರೆ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು. ಅಂತರಜಾಲ ಮನೆಮನೆಗೆ ಬರುವ ಮೊದಲು, 1980ರ ದಶಕದಲ್ಲಿ, ಯುರೋಪಿನ ಕೆಲವು ಬಾನುಲಿ ಕೇಂದ್ರಗಳು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹಾಡಿನಂತೆಯೇ ಪ್ರಸಾರ ಮಾಡುತ್ತಿದ್ದವು ಎಂದರೆ ಹೊಸ ತಲೆಮಾರು ನಂಬಲಿಕ್ಕಿಲ್ಲ.

ಇದರ ಗುಟ್ಟು ಇರುವುದು ಕ್ಯಾಸೆಟ್ಟಿನಲ್ಲಿ. ಸಿಂಕ್ಲೇರ್ ಸ್ಪೆಕ್ಟ್ರಮ್, ಕಮಡೋರ್ 64, ಬಿಬಿಸಿ ಮೈಕ್ರೋ ಮೊದಲಾದ ಆ ಕಾಲದ ಮನೆ ಕಂಪ್ಯೂಟರುಗಳು ಪ್ರೋಗ್ರಾಂ ಉಳಿಸಿಡಲು ಹಾಡಿನ ಕ್ಯಾಸೆಟ್ಟನ್ನೇ ಬಳಸುತ್ತಿದ್ದವು. ಸೊನ್ನೆಗೊಂದು ದನಿ, ಒಂದಕ್ಕೆ ಇನ್ನೊಂದು ದನಿ. ಕ್ಯಾಸೆಟ್ಟಿನಲ್ಲಿರುವುದು ಸದ್ದೇ ಆದ ಮೇಲೆ ಅದನ್ನು ರೇಡಿಯೋದಲ್ಲಿ ಯಾಕೆ ಕೇಳಿಸಬಾರದು? ಕೇಳುಗರು ಆ ಕರ್ಕಶ ಕಿರುಚನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಊಡಿಸಿದರೆ ಆಯಿತು. ಗಲ್ಫಿನಿಂದ ರಜೆಗೆ ಹೋದವರು ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಹೊತ್ತೊಯ್ಯುತ್ತಿದ್ದ 'ಟೂ-ಇನ್-ವನ್' ನಮಗೆಲ್ಲ ನೆನಪಿದೆಯಷ್ಟೆ. ಅಂಥದೊಂದು ಪೆಟ್ಟಿಗೆ ಈ ಕೆಲಸಕ್ಕೆ ಸಾಕಿತ್ತು.

ಆದರೆ ತೊಡಕೊಂದಿತ್ತು. ಎಲ್ಲ ಕಂಪ್ಯೂಟರುಗಳೂ ಆಡುತ್ತಿದ್ದುದು 'ಬೇಸಿಕ್' ಭಾಷೆಯನ್ನೇ ಆದರೂ ಒಂದೊಂದರದ್ದೂ ಒಂದೊಂದು ಧಾಟಿ. ಧಾರವಾಡ, ಮೈಸೂರು, ಕುಂದಾಪುರದ ಕನ್ನಡದಂತೆ. ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ತಿಳಿಯದು. ನೆದರ್‌ಲ್ಯಾಂಡಿನ ಎನ್‌ಒಎಸ್ ಸಂಸ್ಥೆಯ 'ಹಾಬಿಸ್ಕೂಪ್' ಕಾರ್ಯಕ್ರಮದವರು ಇದಕ್ಕೆ 'ಬೇಸಿಕೋಡ್' ಎಂಬ ಪರಿಹಾರ ಕಂಡುಕೊಂಡರು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಆಜ್ಞೆಗಳನ್ನಷ್ಟೇ ಆರಿಸಿದರು. ಪರದೆ ಒರೆಸುವಂಥ, ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವ ಕೆಲಸಗಳಿಗೆ 1000ಕ್ಕಿಂತ ಕೆಳಗಿನ ಸಾಲುಗಳನ್ನು ಮೀಸಲಿಟ್ಟು, ಅವನ್ನು ಆಯಾ ಕಂಪ್ಯೂಟರಿಗೆ ತಕ್ಕಂತೆ ಬರೆದುಕೊಟ್ಟರು. ಪ್ರಸಾರವಾಗುವ ಪ್ರೋಗ್ರಾಂ ಶುರುವಾಗುತ್ತಿದ್ದುದು 1000ನೇ ಸಾಲಿನಿಂದ.

ವೇಗ ಸೆಕೆಂಡಿಗೆ 1200 ಬಿಟ್, ಅಂದರೆ ಸುಮಾರು 110 ಅಕ್ಷರ. ಹತ್ತು ಸಾವಿರ ಅಕ್ಷರಗಳಿಗೆ ಒಂದೂವರೆ ನಿಮಿಷ. ಕೊನೆಯಲ್ಲಿ ತಾಳೆ ನೋಡಲು ಒಂದು ಸಂಖ್ಯೆಯೂ ಬರುತ್ತಿತ್ತು. ನಡುವೆ ಗೊರಗೊರ ಸದ್ದು ಸೇರಿ ಅಕ್ಷರ ಕೆಟ್ಟಿದ್ದರೆ ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು. ಬ್ರಿಟನ್ನಿನ ಬಿಬಿಸಿ ರೇಡಿಯೋ 4ರ 'ದ ಚಿಪ್ ಶಾಪ್' ಕಾರ್ಯಕ್ರಮವೂ ಬೇಸಿಕೋಡನ್ನು ಬಳಸಿತು. ಯುಗೋಸ್ಲಾವಿಯಾದಲ್ಲಿ ಜೋರಾನ್ ಮೋದ್ಲಿ ಅವರು ಬೆಲ್‌ಗ್ರೇಡ್ ರೇಡಿಯೋದ 'ವೆಂಟಿಲೇಟರ್ 202' ಕಾರ್ಯಕ್ರಮದಲ್ಲಿ 1983ರಿಂದ ಪ್ರೋಗ್ರಾಂಗಳನ್ನು ಬಿತ್ತರಿಸಿದರು. ಕೇಳುಗರೂ ತಾವು ಬರೆದದ್ದನ್ನು ಕಳಿಸತೊಡಗಿದರು.

ನಮ್ಮ ಗಲ್ಫಿನಲ್ಲೂ ಅದೇ ದಶಕದಲ್ಲಿ ಕುವೈತಿನ ಅಲ್ ಆಲಮಿಯಾ ಸಂಸ್ಥೆ 'ಸಖ್ರ್' ಹೆಸರಿನ ಅರಬ್ಬೀ ಕಂಪ್ಯೂಟರುಗಳನ್ನು ಮನೆಗಳಿಗೆ ತಂದಿತು. ಅವು ಎಂಎಸ್‌ಎಕ್ಸ್ ಎಂಬ ಸಾಮಾನ್ಯ ಮಾನಕದ ಮೇಲೆ ನಿಂತಿದ್ದವು. ತಮ್ಮ ಲಿಪಿ ಪರದೆಯ ಮೇಲೆ ಮೂಡಬೇಕೆಂಬ ಹಟ ಅರಬ್ಬರಿಗೆ ಆಗಲೇ ಇತ್ತು.

ಸಾಹಿತ್ಯದ ಬಳಗಕ್ಕೆ ಈ ಕತೆ ಯಾಕೆಂದು ಕೇಳಬಹುದು. ನಾವೂ ಇಂಥದೇ ತೊಡಕನ್ನು ಉಂಡವರು. ಬರಹ, ನುಡಿ, ಶ್ರೀಲಿಪಿ ಎಂದು ಒಬ್ಬೊಬ್ಬರು ಒಂದೊಂದು ತಂತ್ರಾಂಶದಲ್ಲಿ ಬರೆದಾಗ, ಶಾರ್ಜಾದಿಂದ ಹೊರಟ ಕವಿತೆ ಅಬುಧಾಬಿಗೆ ಬರೀ ಚೌಕ, ಚುಕ್ಕೆಗಳಾಗಿ ಮುಟ್ಟಿದ್ದುಂಟು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿತ್ತು. ಅದು ನಮ್ಮ ಬಳಕೆಗೆ ಬರಲು ವರ್ಷಗಳೇ ಹಿಡಿದವು. ಬೇಸಿಕೋಡ್ ಯಂತ್ರಗಳ ನಡುವೆ ಮಾಡಿದ್ದನ್ನು ಯೂನಿಕೋಡ್ ಲಿಪಿಗಳಿಗೆ ಮಾಡಿದೆ.

ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದ ಕತೆ, ಕವಿತೆಗಳು ನಮ್ಮ ಸಿಡಿಗಳಲ್ಲಿ ಇನ್ನೂ ಕೂತಿವೆ. ಅವನ್ನು ಪರಿವರ್ತಿಸುವ ಸಾಧನಗಳು ಈಗ ಸುಲಭವಾಗಿ ಸಿಗುತ್ತವೆ. ಸಿಡಿ ಕೆಡುವ ಮೊದಲು, ಬರೆದವರು ನಮ್ಮೊಂದಿಗಿರುವಾಗಲೇ ಈ ಕೆಲಸ ಮುಗಿಸೋಣ. ಓದಲಾಗದ ಅಕ್ಷರವನ್ನು ಏನಿತ್ತೆಂದು ಕೇಳಿ ತಿದ್ದಿಕೊಳ್ಳಲು ಅವರೇ ಬೇಕು.