ಕರೆಂಟ್ ಕೊಟ್ಟರೆ ಮೆದುಳು ಸುಡುತ್ತದೆಯೇ?

‘ತಲಿಗೆ ಕರೆಂಟ್ ಕೊಡಸಬ್ಯಾಡ್ರಿ, ಮೆದುಳು ಸುಟ್ಟು ಹೋಗ್ತೈತಿ.’ ಖಿನ್ನತೆಗೆ ಟಿಎಂಎಸ್ (ಕಾಂತಕ್ಷೇತ್ರದಿಂದ ಮೆದುಳನ್ನು ಪ್ರಚೋದಿಸುವ ಚಿಕಿತ್ಸೆ) ಮಾಡಿಸೋಣ ಎಂದು ವೈದ್ಯರು ಹೇಳಿದರೆ ಸಾಕು, ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ದೊಡ್ಡಪ್ಪನೋ ಬೀಗರೋ ಈ ಮಾತು ತೆಗೆಯುತ್ತಾರೆ. 1845ರಿಂದ ಮನೋರೋಗಿಗಳ ಆಸ್ಪತ್ರೆ ಇರುವ ಊರು ಧಾರವಾಡ. ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬೆಳೆದದ್ದು ಅದರಿಂದಲೇ. ಅದರ ನೆರೆಯಲ್ಲೇ ತಲೆಮಾರುಗಟ್ಟಲೆ ಬದುಕಿದವರು ಸಿನಿಮಾದ ಶಾಕ್ ದೃಶ್ಯವನ್ನೇ ಇನ್ನೂ ಪ್ರಮಾಣವೆಂದು ನಂಬಿರುವುದು ನನಗೆ ಸಿಟ್ಟು ತರಿಸುತ್ತದೆ. ಆ ಒಂದು ಮಾತಿಗೆ ಹೆದರಿ ರೋಗಿಯ ಚಿಕಿತ್ಸೆಯೇ ನಿಂತುಹೋಗುತ್ತದೆ.

ಅವರ ವಾದವೂ ಇದೆ: ಮಷಿನ್ ಆರಿಸಿದ ಮೇಲೂ ಪರಿಣಾಮ ಉಳಿಯುತ್ತದೆಂದರೆ ಒಳಗೆ ಏನೋ ಸುಟ್ಟಿರಲೇಬೇಕು.

ಇಲ್ಲ. ಟಿಎಂಎಸ್‌ನಲ್ಲಿ ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿಯುತ್ತಾರೆ. ಅದರಲ್ಲಿ ಕ್ಷಣಾರ್ಧ ವಿದ್ಯುತ್ ಹರಿದಾಗ ಏಳುವ ಕಾಂತಕ್ಷೇತ್ರ ತಲೆಬುರುಡೆ ದಾಟಿ, ಮೆದುಳಿನ ಹೊರಪದರದಲ್ಲಿ ಪುಟ್ಟ ವಿದ್ಯುತ್ ಹುಟ್ಟಿಸುತ್ತದೆ. ಒಂದೊಂದು ಬಡಿತವೂ ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತ ಚಿಕ್ಕದು. ಬಿಸಿಯಾಗುವುದು ಸುರುಳಿ, ಮೆದುಳಲ್ಲ. ರೋಗಿ ಎಚ್ಚರವಾಗಿ ಕುರ್ಚಿಯಲ್ಲಿ ಕೂತಿರುತ್ತಾನೆ. ವೈದ್ಯರು ಸುರುಳಿಯನ್ನು ಅತ್ತಿತ್ತ ಸರಿಸುತ್ತ ಹೋದಂತೆ ಒಂದು ಜಾಗದಲ್ಲಿ ‘ಟಕ್’ ಎನ್ನುವಾಗ ಎದುರು ಬದಿಯ ಹೆಬ್ಬೆರಳು ತಾನಾಗಿ ಮಿಡಿಯುತ್ತದೆ. ಆ ಮಿಡಿತ ನೋಡಿಯೇ ಅವನಿಗೆಷ್ಟು ಶಕ್ತಿ ಬೇಕೆಂದು ನಿರ್ಧರಿಸುತ್ತಾರೆ.

ಹಾಗಾದರೆ ಉಳಿಯುವುದೇನು? 2005ರಲ್ಲಿ ಲಂಡನ್ನಿನ ಸಂಶೋಧಕರು 600 ಬಡಿತಗಳನ್ನು ಎರಡು ಬಗೆಯಲ್ಲಿ ಕೊಟ್ಟು ನೋಡಿದರು. ಬಿಡದೆ 40 ಸೆಕೆಂಡಿನಲ್ಲಿ ಕೊಟ್ಟಾಗ ಬಡಿತ ಬಿದ್ದ ಭಾಗದ ಚುರುಕು ತಗ್ಗಿತು. 2 ಸೆಕೆಂಡು ಕೊಟ್ಟು 8 ಸೆಕೆಂಡು ಬಿಡುತ್ತ ಮೂರು ನಿಮಿಷಕ್ಕೆ ಹಂಚಿದಾಗ ಹೆಚ್ಚಿತು. ಬಡಿತ ಅಷ್ಟೇ, ತಾಳ ಮಾತ್ರ ಬೇರೆ. ಸುಟ್ಟ ಗಾಯ ತಾಳ ನೋಡಿ ದಿಕ್ಕು ಬದಲಿಸುವುದುಂಟೇ?

ಇನ್ನೂ ಗಟ್ಟಿ ಸಾಕ್ಷಿ 2002ರದು. ಜರ್ಮನಿಯ ಗಾಟಿಂಗನ್‌ನಲ್ಲಿ ಆರೋಗ್ಯವಂತರಿಗೆ ಡೆಕ್ಸ್ಟ್ರೋಮೆಥಾರ್ಫಾನ್ ನುಂಗಿಸಿ, ಸುರುಳಿಯ ಬದಲು ತಲೆಗೆ ಸೌಮ್ಯ ನೇರ ವಿದ್ಯುತ್ತನ್ನೇ ಹರಿಸಿದರು. ನಮ್ಮ ಕೆಮ್ಮಿನ ಸಿರಪ್ಪುಗಳಲ್ಲಿರುವ ಔಷಧಿಯೇ ಅದು. ವಿದ್ಯುತ್ ನಿಂತ ಮೇಲೆ ಉಳಿಯಬೇಕಿದ್ದ ಪರಿಣಾಮ ಉಳಿಯಲಿಲ್ಲ. ಏಕೆಂದರೆ ಆ ಔಷಧಿ ನರಕೋಶಗಳ ಎನ್‌ಎಂಡಿಎ ಗ್ರಾಹಕಗಳನ್ನು ತಡೆಯುತ್ತದೆ. ಮಗು ಮಗ್ಗಿ ಕಲಿಯುವಾಗಲೂ ನರಕೋಶಗಳ ನಡುವಿನ ಕೊಂಡಿ ಬಲಗೊಳ್ಳಲು ಇವೇ ಗ್ರಾಹಕಗಳು ಬೇಕು. ಅಂದರೆ ಹೊರಗಿನ ಬಡಿತವೋ ವಿದ್ಯುತ್ತೋ ಬರೀ ನೆಪ. ಬದಲಾಗುವುದು ಮೆದುಳು ತಾನೇ, ಕಲಿಕೆಯ ತನ್ನ ಹಳೆಯ ದಾರಿಯಿಂದ.

ಒಂದು ಸಲದ ಪರಿಣಾಮ ಸಾಮಾನ್ಯವಾಗಿ ಒಂದು ಗಂಟೆಯ ಆಚೀಚೆ ಅಳಿಯುತ್ತದೆ. ಅದಕ್ಕೇ ಖಿನ್ನತೆಗೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಬರಬೇಕೆನ್ನುವುದು. ಗುಣವಾದ ಕೆಲವರಿಗೆ ತಿಂಗಳುಗಳ ಮೇಲೆ ಮತ್ತೆ ಬೇಕಾಗಬಹುದು, ಕೆಲವರಿಗೆ ಫಲ ಸಿಗದೆಯೂ ಹೋಗಬಹುದು. ‘ಒಂದೇ ಸಲಕ್ಕೆ ಜನ್ಮಕ್ಕಾಗುವಷ್ಟು’ ಎಂಬ ಮಾತೂ ಆದ್ದರಿಂದ ಸುಳ್ಳು.

‘ಎಲ್ಲಾ ಮನಸ್ಸಿನ ಸಮಾಧಾನ’ ಎನ್ನುವವರು ಗಮನಿಸಲಿ: ಸ್ಕಿಜೋಫ್ರೇನಿಯಾ ಇರುವವರಿಗೆ ಕೇಳುವ ಧ್ವನಿಗಳನ್ನು ತಗ್ಗಿಸಲು ಸೌಮ್ಯ ವಿದ್ಯುತ್ ನೆರವಾದೀತೇ ಎಂದು ಬೆಂಗಳೂರಿನ ನಿಮ್ಹಾನ್ಸ್ ನೋಡಿದ್ದು, ಹುಸಿ ಚಿಕಿತ್ಸೆಯನ್ನೂ ಎದುರಿಗಿಟ್ಟುಕೊಂಡು. ಹಾಗೆಂದು ಪರೀಕ್ಷೆಗೆ ಓದುವ ಹುಡುಗರು ನೆನಪಿನಶಕ್ತಿಗೆಂದು ಬ್ಯಾಟರಿ ಯಂತ್ರ ತರಿಸಿ ತಲೆಗೆ ಕಟ್ಟಿಕೊಳ್ಳುವುದು ಬೇಡವೇ ಬೇಡ. ಸಿನಿಮಾದಲ್ಲಿ ಕಾಣುವ ಶಾಕ್, ಅಂದರೆ ಇಸಿಟಿ, ಬೇರೆಯೇ ಚಿಕಿತ್ಸೆ. ಅಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಅದನ್ನೂ ಅರಿವಳಿಕೆಯಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಆಸ್ಪತ್ರೆಯ ಸುರುಳಿಗೆ ಹೆದರುವವರೇ ಮೇಳದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಅಯಸ್ಕಾಂತದ ಪಟ್ಟಿ ಕೊಳ್ಳುತ್ತಾರೆ. ಕಾಂತಕ್ಷೇತ್ರ ಬದಲಾಗುತ್ತಿದ್ದರಷ್ಟೇ ವಿದ್ಯುತ್ ಹುಟ್ಟುತ್ತದೆಂದು 1831ರಲ್ಲೇ ಫ್ಯಾರಡೆ ತೋರಿಸಿದ್ದ. ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇ. ಕಟ್ಟಿಕೊಂಡು ಸುಮ್ಮನೆ ಕೂತ ಪಟ್ಟಿಯಿಂದ ಮೆದುಳಿನಲ್ಲಿ ಹಾಗೆ ವಿದ್ಯುತ್ ಹುಟ್ಟದು. ವೈದ್ಯರ ಎದುರು ಕೂತಾಗ ನೂರು ಅನುಮಾನ, ಮಾರುವವನ ಮುಂದೆ ಒಂದೂ ಇಲ್ಲ!

ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ತಲೆಯೊಳಗೆ ಕ್ಲಿಪ್ಪಿನಂಥ ಲೋಹ ಇದೆಯೇ? ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ್ದೀರಾ? ಹಿಂದೆ ಫಿಟ್ಸ್ ಬಂದಿತ್ತೇ? ಟಿಎಂಎಸ್‌ನಿಂದ ಅಪರೂಪಕ್ಕೆ ಫಿಟ್ಸ್ ಬರುವುದುಂಟು. ಇವನ್ನು ವೈದ್ಯರು ಕೇಳದಿದ್ದರೆ ನೀವೇ ಹೇಳಿ.