ಸ್ಟೇಷನ್ನಿನಲ್ಲಿ ಸುಮ್ಮನಿರಬಹುದೇ?

ಪ್ರಶ್ನೆ: ಪೊಲೀಸರು ವಿಚಾರಣೆಗೆ ಕರೆದರೆ ಬಾಯಿ ಬಿಡಲೇಬೇಕೇ?
– ಓದುಗರೊಬ್ಬರು, ಸೋಲದೇವನಹಳ್ಳಿ

ಹೆಸರು, ವಿಳಾಸ ಕೇಳಿದರೆ ಹೇಳಿಬಿಡಿ. ಉಳಿದ ಪ್ರಶ್ನೆಗಳಿಗೂ ನಿಜವನ್ನೇ ಹೇಳಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಂ. ಆದರೆ ಉತ್ತರ ನಿಮ್ಮನ್ನೇ ಅಪರಾಧದಲ್ಲಿ ಸಿಕ್ಕಿಸುವಂತಿದ್ದರೆ ಸುಮ್ಮನಿರಬಹುದು. ಈ ಹಕ್ಕಿನ ಬೇರು ಸಂವಿಧಾನದ 20(3)ನೇ ವಿಧಿಯಲ್ಲಿದೆ.

ಅದಕ್ಕೆ ದೊಡ್ಡ ಬಲ ಬಂದದ್ದು ನಮ್ಮ ರಾಜ್ಯದ ಹೆಸರೇ ಇರುವ 'ಸೆಲ್ವಿ ವಿರುದ್ಧ ಕರ್ನಾಟಕ' ಪ್ರಕರಣದಿಂದ. ಆರೋಪಿಯ ನರಕ್ಕೆ ಸೋಡಿಯಂ ಪೆಂಟೊಥಾಲ್ ಚುಚ್ಚಿ, ಅರೆನಿದ್ರೆಯಲ್ಲಿ ತೊದಲುತ್ತಿದ್ದಾಗ ಪ್ರಶ್ನೆ ಕೇಳುವ ಮಂಪರು ಪರೀಕ್ಷೆಗೆ ಬೆಂಗಳೂರು ಹೆಸರಾಗಿದ್ದ ಕಾಲವದು. ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿತು. ಮೌನವನ್ನು ಔಷಧಿ ಕೊಟ್ಟು ಒಡೆಯುವುದು ಹಿಂಸೆಯೇ ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ಮಾತು. ನೀವು ಹೇಳಿದ್ದನ್ನು ಬರೆದುಕೊಂಡ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿ, ಪೆನ್ನು ಕೈಗಿಟ್ಟು 'ಸೈನ್ ಮಾಡಿ' ಎಂದಾರು. 181ನೇ ಕಲಮಿನ ಪ್ರಕಾರ ಆ ಹೇಳಿಕೆಗೆ ಸಹಿ ಬೇಕಿಲ್ಲ. ಬಂಧಿಸಿದ್ದರೆ, ವಕೀಲರನ್ನು ಕಾಣಬೇಕೆಂದು ಧೈರ್ಯವಾಗಿ ಕೇಳಿ. ಮನೆಯಲ್ಲಿ ಅರವತ್ತು ದಾಟಿದ ಹಿರಿಯರೋ ಹೆಣ್ಣುಮಕ್ಕಳೋ ಸಾಕ್ಷಿಗಳಾಗಿದ್ದರೆ, ಪೊಲೀಸರೇ ಮನೆಗೆ ಬಂದು ಕೇಳಬೇಕು.